ಅದು ಲ್ಯಾಬ್ ಅಲ್ಲ, ಮುಳುಗ್ತಿರೋ ಸಂಸಾರ

ಮಾನ್ಯ ಸಂಪಾದಕರೇ,

ಹೋದ ಭಾನುವಾರದ ಪುರವಣೀಲಿ ರಸಾಯನಶಾಸ್ತ್ರದ ಇತಿಹಾಸದ ಬಗ್ಗೆ ಬಂದ ಲೇಖನ ಚೆನ್ನಾಗಿತ್ತು, ಅದಕ್ಕೆ ತಕರಾರಿಲ್ಲ. ಆದ್ರೆ ಜೊತೇಲಿದ್ದ ಹಳೇ ಚಿತ್ರದ ಕೆಳಗೆ 'ಪ್ರಯೋಗದಲ್ಲಿ ಮಗ್ನನಾದ ವಿಜ್ಞಾನಿ' ಅಂತ ಹಾಕಿದ್ರಲ್ಲ, ನಗು ಬಂತು. ಅದು ನೆದರ್‌ಲ್ಯಾಂಡ್ಸ್ ಕಡೆಯ ಪೇಂಟರ್ ಪೀಟರ್ ಬ್ರೂಗಲ್ 1558ರಲ್ಲಿ ಬರೆದ ಡ್ರಾಯಿಂಗ್‌ನಿಂದ ತೆಗೆದ ಪ್ರಿಂಟು ಸ್ವಾಮಿ, ಆ ಮನುಷ್ಯನ್ನ ಆಡ್ಕೊಳ್ಳೋಕೇ ಬರೆದಿದ್ದು.

ಇನ್ನೊಂದ್ಸಲ ನೋಡಿ. ರಸವಾದಿ, ಅಂದ್ರೆ ಬೇರೆ ಲೋಹಾನ ಚಿನ್ನ ಮಾಡ್ತೀನಿ ಅಂತ ಹೊರಟ ಆಲ್ಕೆಮಿಸ್ಟ್, ಉಳಿದಿರೋ ನಾಣ್ಯಾನೂ ಮೂಸೆಗೆ ಹಾಕ್ತಿದಾನೆ, ಹಿಂದೆ ಹೆಂಡ್ತಿ ಖಾಲಿ ದುಡ್ಡಿನ ಚೀಲ ತೋರಿಸ್ತಿದಾಳೆ, ಕೋಡಂಗಿ ಟೋಪಿ ಹಾಕ್ಕೊಂಡವನೊಬ್ಬ ಕೂತು ತಿದಿ ಒತ್ತುತಿದಾನೆ, ಮಕ್ಕಳು ತಿನ್ನೋಕೆ ಏನಾದ್ರೂ ಇದೆಯಾ ಅಂತ ಬೀರು ಹತ್ತಿವೆ, ಒಂದರ ತಲೆ ಮೇಲೆ ಪಾತ್ರೆ ಬೋರಲು ಬಿದ್ದಿದೆ. ಪಕ್ಕದಲ್ಲಿ ಪಂಡಿತನೊಬ್ಬ ಪುಸ್ತಕದಲ್ಲಿ ಬೆರಳಿಟ್ಟು 'ಆಲ್ಘೆ ಮಿಸ್ಟ್' ಅಂತ ತೋರಿಸ್ತಾನೆ, ಅವರ ಡಚ್ ಭಾಷೇಲಿ ಅದು ಆಲ್ಕೆಮಿಸ್ಟ್ ಅಂತಾನೂ ಕೇಳ್ಸುತ್ತೆ, ಎಲ್ಲಾ ಹೋಯ್ತು ಅಂತಾನೂ ಕೇಳ್ಸುತ್ತೆ. ಇನ್ನು ಕಿಟಕಿಯಾಚೆ ಇದೇ ಸಂಸಾರ, ಗಂಡ ಹೆಂಡ್ತಿ ಮಕ್ಕಳ ಸಮೇತ, ದಿಕ್ಕಿಲ್ಲದವರನ್ನ ಇಟ್ಕೊಳ್ಳೋ ಆಶ್ರಮದ ಬಾಗಿಲಿಗೆ ಹೋಗಿ ನಿಂತಿದೆ! ನೀವು ಜಾಗ ಸಾಲ್ದು ಅಂತ ಕತ್ತರಿಸಿದ್ದು ಆ ಕಿಟಕೀನೇ.

ನೂರು ವರ್ಷ ಆದ್ಮೇಲೂ ಡಚ್ ಪೇಂಟರ್‌ಗಳು ಇದೇ ಕತೆ ಹಿಡ್ಕೊಂಡಿದ್ರು. ಯಾನ್ ಸ್ಟೀನ್ ಚಿತ್ರದಲ್ಲಿ ಹೆಂಡ್ತಿ ಅಳ್ತಾ ನಿಂತಿರ್ತಾಳೆ. ಏಡ್ರಿಯನ್ ವಾನ್ ಒಸ್ಟಾಡ 1661ರಲ್ಲಿ ಬರೆದಿದ್ದು ಈಗ ಲಂಡನ್ನಿನ ನ್ಯಾಷನಲ್ ಗ್ಯಾಲರೀಲಿದೆ, ರಸವಾದಿ ಒಲೆ ಮುಂದೆ ತಿದಿ ಹಿಡಿದು ಕೂತಿದಾನೆ, ಸ್ಟೂಲಿನ ಕೆಳಗೆ ಬಿದ್ದಿರೋ ಚೀಟೀಲಿ ಲ್ಯಾಟಿನ್‌ನಲ್ಲಿ ಎಣ್ಣೇನೂ ದಂಡ ದುಡಿಮೇನೂ ದಂಡ ಅನ್ನೋ ಅರ್ಥದ ಮಾತಿದೆ. ಎಲ್ರೂ ಹೀಗೇ ಅಂತಲ್ಲ, ಹಾರ್ಲೆಮ್ಮಿನ ಥಾಮಸ್ ವೈಕ್ ಬರೆದ ರಸವಾದಿ ಪುಸ್ತಕಗಳ ನಡುವೆ ಗಂಭೀರವಾಗಿ ಓದ್ತಾ ಕೂತಿರ್ತಾನೆ, ಹಿಂದೆ ಮನೆಕೆಲಸ ತಣ್ಣಗೆ ನಡೀತಿರುತ್ತೆ. 'ವಿಜ್ಞಾನಿ' ಅನ್ನಲೇಬೇಕಿದ್ರೆ ಅವನ ಚಿತ್ರ ಹಾಕ್ಬಹುದಿತ್ತು.

ಇನ್ನೊಂದ್ ಮಾತು, ನಾನು ಕೆಮಿಸ್ಟ್ರಿ ಮೇಷ್ಟ್ರಾಗಿದ್ದವನು ಅದಕ್ಕೇ ಹೇಳ್ತಿದೀನಿ. ರಸವಾದಿಗಳು ಪಾದರಸ ಗಂಧಕ ಎರಡನ್ನೂ ಸೇರಿಸಿ ಚಿನ್ನ ಬರುತ್ತಾ ಅಂತ ಒದ್ದಾಡ್ತಿದ್ರೆ, ಅದೇ ಎರಡನ್ನ ಕಾಯಿಸಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಇಂಗಲೀಕ ಮಾಡಿ ಮಾರ್ತಿದ್ರು, ಪೇಂಟರ್‌ಗಳಿಗೆ ಬೇಕಾದ ಒಳ್ಳೇ ಕೆಂಪು ಬಣ್ಣ ಅದೇ. ಆಡ್ಕೊಂಡವರ ಬಣ್ಣದ ಡಬ್ಬೀಲೂ ರಸವಾದಿಯ ಸಾಮಾನೇ ಇತ್ತು ಅನ್ನಿ.

ದಯವಿಟ್ಟು ಆ ಚಿತ್ರಾನ ಇನ್ನೊಂದ್ಸಲ ಪೂರ್ತಿ ಹಾಕಿ. ಜಾಗ ಸಾಲ್ದಿದ್ರೆ ನನ್ನ ಪತ್ರ ಕತ್ತರಿಸಿ, ಕಿಟಕಿ ಮಾತ್ರ ಬಿಟ್ಬಿಡಿ.

– ನಿವೃತ್ತ ಮೇಷ್ಟ್ರು, ತುಮಕೂರು