ಬಿದ್ದ ಹಲಸಿಗೆ ಅವಸರವಿಲ್ಲ

ಚಿ. ಸುಮಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ಕುಶಲೋಪರಿಯೆಲ್ಲ ನಿಮ್ಮಮ್ಮ ಫೋನಿನಲ್ಲೇ ಹೇಳಿದ್ದಾಳೆ, ಅದನ್ನು ಬಿಡುತ್ತೇನೆ. ಗಾಳಿಗೆ ಬಿದ್ದ ಹಲಸಿನ ಮರದ ಬಗ್ಗೆ ನಿನ್ನ ಪತ್ರದ ಕೊನೆಯಲ್ಲಿ ಒಂದು ಸಾಲಿದೆಯಲ್ಲ, "ಆಳು ಸಿಗುತ್ತಿಲ್ಲ, ಮಳೆಗೆ ನಾಟಾ ಹಾಳಾಗುತ್ತದೆ, ಭಾನುವಾರ ನಾನೊಬ್ಬಳೇ ಬುಡ ಬಿಡಿಸಿಬಿಡುತ್ತೇನೆ" ಅಂತ, ಅದು ನನಗೆ ಸರಿಬರಲಿಲ್ಲ. ಉಳಿದದ್ದನ್ನೆಲ್ಲ ಓದಿದೆ, ತಲೆಯಲ್ಲಿ ನಿಂತದ್ದು ಇದೊಂದೇ.

ಮೊದಲು ಹಾಳಾಗುವ ಮಾತು. ಹಲಸಿನ ಕೆಚ್ಚು, ಅಂದರೆ ಒಳಗಿನ ಗಟ್ಟಿ ಮರ, ಒಂದು ಮಳೆಗಾಲಕ್ಕೆ ಕೆಡುವಂಥದ್ದಲ್ಲ. ಆ ಹಳದಿ ಭಾಗಕ್ಕೆ ಗೆದ್ದಲೂ ಸುಲಭಕ್ಕೆ ಬಾಯಿ ಹಾಕುವುದಿಲ್ಲ. ಹುಳು ಹಿಡಿಯುವುದು ಹೊರಗಿನ ಬಿಳಿ ಭಾಗಕ್ಕೆ, ಅದನ್ನು ಹೇಗೂ ಕೊಯ್ದು ಬಿಸಾಡುತ್ತೀ. ನಾಟಾ ನಿಜವಾಗಿ ನಷ್ಟವಾಗುವುದು ತುದಿ ಸೀಳಿ, ಅದು ಶುರುವಾಗುವುದು ಅಡ್ಡ ಕೊಯ್ದ ಮೇಲೆ. ಅಂದರೆ ಇಡೀ ಮರ ಬೇರು ಸಮೇತ ಬಿದ್ದುಕೊಂಡಿರುವಷ್ಟು ದಿನ ನಿನಗೆ ನಷ್ಟ ಕಡಿಮೆ. ಪುನರ್ವಸು ಮಳೆಯ ಗಾಳಿಗೆ ಬಿದ್ದದ್ದು ಮಘೆ ಮಳೆ ಕಳೆಯುವವರೆಗೆ ಕಾದರೂ ಹಲಗೆ ಹಲಗೆಯೇ. ಹಾಗಿದ್ದ ಮೇಲೆ ಒಬ್ಬಳೇ ಹೋಗುವ ಅವಸರ ಯಾಕೆ?

ಬಿದ್ದ ಮರ ಸುಮ್ಮನೆ ಮಲಗಿರುವುದಿಲ್ಲ, ಅದರ ಮೈಯೆಲ್ಲ ಬಿಗಿದಿರುತ್ತದೆ. ಅದರಲ್ಲೂ ಬುಡ. ಬೇರು ಎತ್ತಿಕೊಂಡು ಬಂದ ಆ ಮಣ್ಣಿನ ಗೋಡೆಯನ್ನು ಹಿಡಿದು ನಿಲ್ಲಿಸಿರುವುದು ಕಾಂಡದ ಭಾರ ಮಾತ್ರ. ಕಾಂಡ ಬಿಡಿಸಿದ ಗಳಿಗೆಯಲ್ಲಿ ಅದು ಸಟ್ಟನೆ ಎದ್ದು ಹಿಂದಿನ ಗುಂಡಿಗೆ ಕೂರಬಹುದು, ಇಲ್ಲವೇ ಇಳಿಜಾರಿನ ಕಡೆ ನಿನ್ನ ಮೇಲೇ ಮಗುಚಬಹುದು. ಯಾವುದಾಗುತ್ತದೆ ಅಂತ ಮಳೆಗಾಲದ ಸಡಿಲ ಮಣ್ಣಿನಲ್ಲಿ ಯಾರೂ ಖಾತ್ರಿಯಾಗಿ ಹೇಳಲಾರರು. ಆದ್ದರಿಂದ ಬುಡದ ಕೊಯ್ತ ಕಡೆಯದು. ಐದಾರು ಅಡಿ ಮೋಟು ಉಳಿಸಿಯೇ ಕೊಯ್ಯಬೇಕು, ಬೇರಿನ ಗೋಡೆಯನ್ನು ವಿಂಚಿನ (ಭಾರ ಎಳೆಯುವ ರಾಟೆಯ) ಹಗ್ಗದಿಂದ ಇನ್ನೊಂದು ಗಟ್ಟಿ ಮರಕ್ಕೆ ಬಿಗಿದಿರಬೇಕು, ಆ ಗುಂಡಿಯ ಹತ್ತಿರ ಮಕ್ಕಳಾಗಲಿ ನಾಯಿಯಾಗಲಿ ಸುಳಿಯಬಾರದು. ಇದನ್ನು ನೋಡಿಕೊಳ್ಳಲಿಕ್ಕೆ ಒಬ್ಬರು ಬೇಕು, ಕೊಯ್ಯಲಿಕ್ಕೆ ಒಬ್ಬರು. ಲೆಕ್ಕ ಅಲ್ಲಿಗೇ ಎರಡಾಯಿತು.

ನಿನಗೆ ಗೊತ್ತಿಲ್ಲದ್ದೇನಲ್ಲ, ಆದರೂ ಬರೆಯುತ್ತೇನೆ. ದಿಮ್ಮಿ ಎರಡು ತುದಿಯಲ್ಲಿ ಊರಿ ನಡುವೆ ತೂಗುತ್ತಿದ್ದರೆ ಮೇಲಿಂದ ಮೂರರಲ್ಲೊಂದು ಪಾಲು ಕೊಯ್ದು, ಉಳಿದದ್ದನ್ನು ಕೆಳಗಿಂದ ಮೇಲಕ್ಕೆ. ಒಂದೇ ಕಡೆ ಊರಿ ತುದಿ ಗಾಳಿಯಲ್ಲಿದ್ದರೆ ಇದರ ತಿರುಗುಮುರುಗು. ಕೊಯ್ದ ಸಂದಿಯ ಮೇಲೇ ಕಣ್ಣಿರಲಿ: ಅದು ಕೂದಲೆಳೆಯಷ್ಟು ಮುಚ್ಚುತ್ತಾ ಬಂದರೂ ಚೈನ್ ಗರಗಸದ ಬಾರ್ (ಚೈನು ಸುತ್ತುವ ಪಟ್ಟಿ) ಕಚ್ಚಿಕೊಳ್ಳುತ್ತದೆ, ತಕ್ಷಣ ಹೊರಗೆಳೆದು ಪ್ಲಾಸ್ಟಿಕ್ ಇಲ್ಲವೇ ಮರದ ಬೆಣೆ ಹೊಡಿ. ಕಬ್ಬಿಣದ ಬೆಣೆ ಬೇಡ, ಚೈನು ತಾಗಿದರೆ ಹಲ್ಲು ಹೋಗುತ್ತದೆ. ಪಕ್ಕಕ್ಕೆ ಬಾಗಿ ನಿಂತ ಕೊಂಬೆಗೆ ಅದರ ಉಬ್ಬಿನ ಕಡೆ ನಿಲ್ಲಬೇಡ, ಸಿಡಿಯುವುದು ಆ ಕಡೆಗೇ. ಇಳಿಜಾರಿನಲ್ಲಿ ಯಾವಾಗಲೂ ಮೇಲ್ಗಡೆ ನಿಲ್ಲಬೇಕು. ಮರವನ್ನು ಆನಿಸಿ ಹಿಡಿದಿರುವ ಕೊಂಬೆಗಳನ್ನು ಮೊದಲೇ ಸವರಿದರೆ ಇಡೀ ಬೊಡ್ಡೆ ಉರುಳುತ್ತದೆ.

ಗರಗಸದ ಗುಂಡಿ ತೋಡಿ, ಮೇಲೊಬ್ಬ ಕೆಳಗೊಬ್ಬ ನಿಂತು ಕೊಯ್ಯುತ್ತಿದ್ದ ಕಾಲ ನಮ್ಮದು. ದಾರಕ್ಕೆ ಇದ್ದಿಲ ಮಸಿ ಸವರಿ ಗೆರೆ ಹೊಡೆಯುವ ಮೊದಲು ಅವರು ದಿಮ್ಮಿಯ ಸುತ್ತ ಓಡಾಡುತ್ತಿದ್ದುದೇ ಹೆಚ್ಚು. ಇಬ್ಬರಿಲ್ಲದೆ ಆ ಗರಗಸ ಅಲ್ಲಾಡುತ್ತಲೇ ಇರಲಿಲ್ಲ, ಒಬ್ಬನಿಗೆ ಏನಾದರೂ ಆದರೆ ಇನ್ನೊಬ್ಬ ಅಲ್ಲೇ ಇರುತ್ತಿದ್ದ. ಈಗಿನ ಯಂತ್ರ ಒಬ್ಬಂಟಿಗೂ ಓಡುತ್ತದೆ, ನನ್ನ ಭಯ ಅದೇ. ಹಾಗೆ ನೋಡಿದರೆ ಬಿದ್ದ ಹಲಸನ್ನೆಲ್ಲ ಅಡಿಕೆ ಬೇಯಿಸುವ ಒಲೆಗೆ ಹಾಕಿ ಕಳೆದವರು ನಾವು. ವೀಣೆಗೂ ಮೃದಂಗಕ್ಕೂ ಒದಗುವ ಮರ ಅದು, ನೆನೆದರೆ ಹೊಟ್ಟೆ ಉರಿಯುತ್ತದೆ. ನೀನು ಹಲಗೆ ಮಾಡಿಸುತ್ತೇನೆ ಅಂದದ್ದು ನನಗೆ ಸಂತೋಷವೇ, ಬೇಡವೆನ್ನುತ್ತಿಲ್ಲ.

ಕೊಯ್ಯುವ ವಿಷಯ ನಾಲ್ಕು ಮಾತು, ಉಪಯೋಗಕ್ಕೆ ಬಂದರೆ ಬರಲಿ. ಕಾಗದಪತ್ರ ಮೊದಲು. 1976ರ ಮರ ಸಂರಕ್ಷಣಾ ಕಾಯ್ದೆಯಲ್ಲಿ ಗಾಳಿಗೆ ಬಿದ್ದ ಮರಕ್ಕೆ ಅನುಮತಿ ನಿರಾಕರಿಸುವಂತಿಲ್ಲ, ಆದರೆ ಅರ್ಜಿಯನ್ನಂತೂ ಕೊಡು. ಹಲಗೆ ಕೊಯ್ಯಲಿಕ್ಕೆ ಗೆಳತಿಯ ತೋಟದ ಸಣ್ಣ ಬ್ಯಾಂಡ್‌ಸಾ (ಪಟ್ಟಿ ಬ್ಲೇಡಿನ ಗರಗಸ ಯಂತ್ರ) ಅಂದೆಯಲ್ಲ, ಸಾಮಿಲ್ಲಿಗೆ ಅರಣ್ಯ ಇಲಾಖೆಯ ಪರವಾನಗಿ ಬೇಕು. ಅವಳ ಹತ್ತಿರ ಇದೆಯೇ ಕೇಳಿಕೋ. ಅರ್ಜಿಗೆ ಹಿಡಿಯುವ ದಿನಗಳೂ ಕಾಯಲಿಕ್ಕೆ ಒಳ್ಳೆಯ ನೆಪ.

ಎಂಟಡಿ ಹಲಗೆ ಬೇಕಾದರೆ ದಿಮ್ಮಿ ಎಂಟಡಿ ನಾಲ್ಕಿಂಚು ಇರಲಿ. ಅಡ್ಡ ಕೊಯ್ದ ದಿನವೇ ಎರಡೂ ತುದಿಗೆ ಮೇಣವನ್ನೋ ಹಳೆಯ ಪೇಂಟನ್ನೋ ದಪ್ಪಗೆ ಬಳಿ. ಸಿಪ್ಪೆಯ ಮೇಲಿನ ಮಣ್ಣು, ಕಲ್ಲಿನ ಚೂರು ತೊಳೆದುಬಿಡು. ಇದು ಮನೆ ಹಿಂದಿನ ಮರ. ನೆಲದಿಂದ ಆಳೆತ್ತರದವರೆಗೆ ಬಟ್ಟೆ ತಂತಿಯ ಮೊಳೆ, ಬೇಲಿ ತಂತಿ, ದನ ಕಟ್ಟಿದ ಕೊಂಡಿ ಏನೂ ಒಳಗೆ ಸೇರಿರಬಹುದು. ಅಡ್ಡ ಕೊಯ್ದ ಮುಖದಲ್ಲಿ ನೀಲಿಗಪ್ಪು ಕಲೆ ಕಂಡರೆ ಕಬ್ಬಿಣದ ಅನುಮಾನ ಪಡು. ಲೋಹ ಹುಡುಕುವ ಕಡ್ಡಿ ಆಡಿಸಿಯೇ ಬ್ಯಾಂಡ್‌ಸಾದ ಹಾಸಿಗೆಗೆ, ಅಂದರೆ ದಿಮ್ಮಿ ಕೂರಿಸುವ ಚೌಕಟ್ಟಿಗೆ, ಏರಿಸು.

ತುದಿ ಸಣ್ಣ, ಬುಡ ದಪ್ಪ ಇರುತ್ತದಲ್ಲ, ಸಣ್ಣ ತುದಿಯನ್ನು ಎತ್ತರಿಸಿ ನಡುವಿನ ತಿರುಳು ಹಾಸಿಗೆಗೆ ಸಮಾನಾಂತರ ಬರುವಂತೆ ಕೂರಿಸು. ತಿರುಳಿರುವ ಹಲಗೆ ಬಿರುಕು ಬಿಟ್ಟೇ ಬಿಡುತ್ತದೆ. ಅದನ್ನು ದಪ್ಪ ತೊಲೆಯೊಳಗೆ ಮುಚ್ಚಿಹಾಕು, ಇಲ್ಲವೇ ತೆಗೆದೇಬಿಡು. ಒಂದಿಂಚಿನ ಹಲಗೆಗೆ 29 ಮಿ.ಮೀ. ಕೊಯ್ಯಿ, ಒಣಗಿ ಹತ್ರಿ ಹೊಡೆದ ಮೇಲೆ ಸರಿಹೋಗುತ್ತದೆ. ಕೊಂಬೆಯಿಂದ ಹಲಗೆ ಮಾಡಲಿಕ್ಕೆ ಹೋಗಬೇಡ, ಎಲ್ಲ ತಿರುಚಿಕೊಳ್ಳುತ್ತವೆ.

ಹಲಸಿನಲ್ಲಿ ತೊಂದರೆ ಕೊಡುವುದು ಅದರದ್ದೇ ಅಂಟು ಮೇಣ. ಬ್ಲೇಡಿಗೆ ಅದು ಹತ್ತಿತೆಂದರೆ ಬ್ಲೇಡು ಬಿಸಿಯಾಗಿ ಹಲಗೆ ಅಲೆಅಲೆಯಾಗಿ ಬರುತ್ತದೆ. ನೀರಿಗೆ ಸ್ವಲ್ಪ ಪಾತ್ರೆ ತೊಳೆಯುವ ಸೋಪು ಸೇರಿಸಿ ತೊಟ್ಟಿಕ್ಕುತ್ತಿರಲಿ. ಆಮೇಲೂ ಅಲೆ ಬಂದರೆ ಬ್ಲೇಡು ಮೊಂಡಾಗಿದೆ, ಬಿಗಿ ಸಾಲದು, ಇಲ್ಲವೇ ನೂಕುವುದು ಜೋರಾಗಿದೆ. ಮೊಂಡಾಗಿರುವುದೇ ಹೆಚ್ಚು ಸಲ. ಮೊಂಡು ಬ್ಲೇಡಿನಲ್ಲಿ ಇನ್ನೆರಡು ಹಲಗೆ ಅಂತ ಎಳೆಯುವ ಆಸೆ ಎಲ್ಲರಿಗೂ ಬರುತ್ತದೆ, ಆಗಲೇ ಬ್ಲೇಡು ತುಂಡಾಗುವುದು. ಕೊನೆಯ ಹಲಗೆಗಳಿಗೆ ಬಂದಾಗ ದಿಮ್ಮಿ ಹಿಡಿದಿಡುವ ಕ್ಲಾಂಪು ಬ್ಲೇಡಿನ ಮಟ್ಟಕ್ಕಿಂತ ಕೆಳಗಿದೆಯೇ ಅಂತ ಪ್ರತಿ ಸಲವೂ ಕೈಯಿಂದ ಮುಟ್ಟಿ ನೋಡು, ಇಂಜಿನ್ ನಿಲ್ಲಿಸಿ. ಹೊಟ್ಟು ತೆಗೆಯಲಿಕ್ಕೂ ನಿಲ್ಲಿಸಿಯೇ. ಇಲ್ಲೂ ಒಬ್ಬಳೇ ಬೇಡ. ದಿಮ್ಮಿ ಉರುಳಿಸುವಾಗ ಒಬ್ಬರು ಬೆಣೆ ಕೊಡಲೇಬೇಕು.

ಒಣಗಿಸುವುದಕ್ಕೆ ಹಳೆ ಕೊಟ್ಟಿಗೆಯೇ ಸಾಕು. ನೆಲದಿಂದ ಒಂದೂವರೆ ಅಡಿ ಎತ್ತರ, ಹಲಗೆಗಳ ನಡುವೆ ಮುಕ್ಕಾಲಿಂಚಿನ ಒಣ ರೀಪು, ಒಂದೂವರೆಯಿಂದ ಎರಡಡಿಗೊಂದರಂತೆ, ಮೇಲಿಂದ ಕೆಳಗೆ ಒಂದರ ನೇರಕ್ಕೆ ಒಂದು. ನೇರ ತಪ್ಪಿದರೆ ಹಲಗೆ ಅಲ್ಲೇ ಡೊಂಕಾಗುತ್ತದೆ. ಮೇಲೆ ಕಲ್ಲು ಹೇರು. ಗಾಳಿ ಬೇಕು, ಬಿಸಿಲು ಬೇಡ. ಇಂಚಿಗೊಂದು ವರ್ಷ ಅನ್ನುವುದು ಹಳೆಯ ಲೆಕ್ಕ. ಮಲೆನಾಡಿನ ಮಳೆಯಲ್ಲಿ ಮರ ಒಣಗುವುದೇ ನಿಂತುಬಿಡುತ್ತದೆ, ಆದ್ದರಿಂದ ಎರಡು ಬೇಸಿಗೆ ಕಾಣಿಸಿದರೆ ಒಳ್ಳೆಯದು. ಬಿಳಿ ಉಳಿದ ಹಲಗೆಗಳಿಗೆ ಹುಳು ಹಿಡಿಯದಂತೆ ಬೋರಾಕ್ಸ್ ಒಂದೂವರೆ ಪಾಲು, ಬೋರಿಕ್ ಆಸಿಡ್ ಒಂದು ಪಾಲು, ಎರಡೂ ಸೇರಿ ಹತ್ತು ಲೀಟರ್ ನೀರಿಗೆ ಅರ್ಧ ಕಿಲೊ, ಹಲಗೆ ಹಸಿಯಿರುವಾಗಲೇ ಬಳಿಯಬೇಕು. ಮಳೆ ಎರಚಲು ಬಿದ್ದರೆ ತೊಳೆದುಹೋಗುತ್ತದೆ.

ಭಾನುವಾರ ಗರಗಸ ತೆಗೆಯಬೇಡ. ಮುಟ್ಟಲೇಬೇಕೆನಿಸಿದರೆ ಟೇಪು ತೆಗೆದುಕೊಂಡು ಹೋಗಿ ನಡುಭಾಗದ ಸುತ್ತಳತೆ ಅಳೆ. ಆರಡಿ ಬಂದರೆ ಅದರ ಕಾಲು ಭಾಗ ಹದಿನೆಂಟು ಇಂಚು, ಅಂದರೆ ಒಂದೂವರೆ ಅಡಿ. ಅದರ ವರ್ಗ ಎರಡೂಕಾಲು. ಎಂಟಡಿ ಉದ್ದಕ್ಕೆ, ನಾಟಾ ವ್ಯಾಪಾರದ ಕಾಲು ಸುತ್ತಳತೆ ಲೆಕ್ಕದಲ್ಲಿ, 18 ಘನ ಅಡಿ. ಎಷ್ಟು ಬಂತು ಅಂತ ಬರೆ. ಮರ ಕೊಯ್ಯುವ ಇಬ್ಬರಿಗೆ ಇಲ್ಲಿಂದ ಹೇಳಿಕಳಿಸಿದ್ದೇನೆ, ಮಳೆ ಹೊಳವಾದ ಮೇಲೆ ಬರುತ್ತೇವೆ ಅಂದಿದ್ದಾರೆ. ವಿಂಚು ಅವರದ್ದೇ ಇದೆ, ಹಗ್ಗ ನೀನು ನೋಡಿಡು.

ಇಂತಿ,
ನಿನ್ನ ದೊಡ್ಡಪ್ಪ