ಭಾನುವಾರ ಗ್ಲೇಜ್ ಹಚ್ಚುವ ಕೆಲಸ

ಎಲ್ಲರಿಗೂ ನಮಸ್ಕಾರ.

ಕಾರವಾರದ ಕಡಲು ನೋಡಿ ಬಂದು ಮಾಡಿದ ಮಣ್ಣಿನ ತಟ್ಟೆ, ಬಟ್ಟಲುಗಳನ್ನು ಒಮ್ಮೆ ಸುಟ್ಟಾಗಿದೆ. ಈ ಭಾನುವಾರ ಬೆಳಿಗ್ಗೆ 10ಕ್ಕೆ ಟಿಳಕವಾಡಿಯ ನಮ್ಮ ಶೆಡ್ಡಿನಲ್ಲಿ ಗ್ಲೇಜ್ (ಸುಟ್ಟಾಗ ಗಾಜಿನಂತಾಗುವ ಲೇಪ) ಹಚ್ಚೋಣ. ತಟ್ಟೆ ಮಾಡಿದವರೆಲ್ಲ ಬನ್ನಿ.

ಮೊದಲು ಒದ್ದೆ ಸ್ಪಂಜಿನಿಂದ ಧೂಳು ಒರೆಸಿ. ತಳಕ್ಕೆ ಗ್ಲೇಜ್ ತಾಗಬಾರದು, ಸುತ್ತಲೂ 3 ಮಿ.ಮೀ. ಬಿಡಿ. 1,200 ಡಿಗ್ರಿ ಬಿಸಿಯಲ್ಲಿ ಅದು ಗಾಜಿನಂತೆ ಕರಗಿ ಭಟ್ಟಿಯ ಹಲಗೆಗೆ ಅಂಟಿಬಿಡುತ್ತದೆ. ಹೋದ ಸಲ ನನ್ನವೇ ಎರಡು ತಟ್ಟೆ ಹೋದವು!

ಸುಮ್ನೆ ನೀಲಿ ಬಳಿಯಬೇಡಿ. ಕಾಳಿ ನದಿ ಕಡಲು ಸೇರುವಲ್ಲಿನ ಮಣ್ಣುಬಣ್ಣವೂ ಚೆಂದ ಅಲ್ವಾ? ಉಣ್ಣುವ ತಟ್ಟೆ ಆದ್ದರಿಂದ ಸೀಸವಿಲ್ಲದ ಗ್ಲೇಜ್ ಮಾತ್ರ. ಅದು ಶೆಡ್ಡಿನಲ್ಲೇ ಇದೆ.

ನಿಮ್ಮವು ಎಷ್ಟು ತಟ್ಟೆ ಅಂತ ಶುಕ್ರವಾರದೊಳಗೆ ಇಲ್ಲೇ ತಿಳಿಸಿ. ಭಟ್ಟಿಯಲ್ಲಿ ಜಾಗ ಕಡಿಮೆ.