ಕಿರುತೆರೆಗೂ ಬೇಕು ಬಿಗಿಯಾದ ರೋಚಕ ಕಥೆ

ಮಾನ್ಯ ಸಂಪಾದಕರೇ,

ಥ್ರಿಲ್ಲರ್ ಚಿತ್ರದಲ್ಲಿ ಕೊಲೆಗಾರ ಯಾರೆಂಬ ಗುಟ್ಟಿಗಿಂತ, ಆ ಗುಟ್ಟು ನಮ್ಮದೇ ಬದುಕಿನ ಯಾವ ಮೂಲೆಯಿಂದ ಹೊರಬರುತ್ತದೆ ಎಂಬುದು ನನಗೆ ಮುಖ್ಯ. ಪವನ್ ಕುಮಾರ್ ನಿರ್ದೇಶನದ ‘ಯೂ ಟರ್ನ್’ (2016), ಬೆಂಗಳೂರಿನ ಮೇಲ್ಸೇತುವೆಯೊಂದರಲ್ಲಿ ಬೈಕ್ ಸವಾರರು ರಸ್ತೆ ವಿಭಜಕದ ಕಲ್ಲು ಸರಿಸಿ ತಿರುಗುವ ದಿನನಿತ್ಯದ ಚಾಳಿಯಿಂದಲೇ ಇಡೀ ಕಥೆಯನ್ನು ಹೆಣೆದಿತ್ತು. 2024ರಲ್ಲಿ ತೆರೆಕಂಡ ‘ಶಾಖಾಹಾರಿ’ಯಂತೂ ಮಲೆನಾಡಿನ ಸಣ್ಣ ಹೋಟೆಲ್ಲಿನ ಅಡುಗೆಮನೆಯನ್ನೇ ಭಯದ ತಾಣವಾಗಿಸಿತು. ಹಾಸ್ಯ ಪಾತ್ರಗಳಿಂದ ಮನೆಮಾತಾದ ರಂಗಾಯಣ ರಘು ಅಲ್ಲಿ ಕಣ್ಣು ಮತ್ತು ಮೌನದಿಂದಲೇ ಅಡುಗೆಭಟ್ಟನ ತಳಮಳವನ್ನು ಕಟ್ಟಿಕೊಟ್ಟಿದ್ದಾರೆ. ಗೋಪಾಲಕೃಷ್ಣ ದೇಶಪಾಂಡೆಯವರ ಪೊಲೀಸ್ ಅಧಿಕಾರಿಯೂ ಅಷ್ಟೇ ಸಹಜ. ಇಂತಹ ಎಷ್ಟೋ ಚಿತ್ರಗಳು ಚಿತ್ರಮಂದಿರದಲ್ಲಿ ಹೆಚ್ಚು ದಿನ ನಿಲ್ಲದಿರುವುದು ನೋವಿನ ಸಂಗತಿ.

ಆದರೆ ಕಿರುತೆರೆಯ ಧಾರಾವಾಹಿಗಳಲ್ಲಿ ಈ ಸಂಯಮ ಕಾಣುತ್ತಿಲ್ಲ. ಒಬ್ಬಾಕೆ ಪತ್ರವೊಂದನ್ನು ಬಿಡಿಸಿದರೆ ಸಾಕು, ಗುಡುಗಿನ ಸದ್ದಿನೊಂದಿಗೆ ಮನೆಮಂದಿಯ ಮುಖಗಳನ್ನೆಲ್ಲ ಮೂರು ಮೂರು ಬಾರಿ ತೋರಿಸಿ, ಜಾಹೀರಾತಿನ ನಂತರ ಅದನ್ನೇ ಮತ್ತೆ ತೋರಿಸುತ್ತಾರೆ. ಪತ್ರದಲ್ಲಿ ಏನಿತ್ತೆಂದು ತಿಳಿಯಲು ವಾರ ಕಾಯಬೇಕು. ದಶಕಗಳ ಹಿಂದೆ ದೂರದರ್ಶನದಲ್ಲಿ ಬಂದ ಸದಾನಂದ ಸುವರ್ಣರ ‘ಗುಡ್ಡದ ಭೂತ’ ಕೇವಲ 13 ಕಂತುಗಳಲ್ಲಿ ಮುಗಿದಿತ್ತು. ಸಂಜೆಯಾದರೆ ಗುಡ್ಡದ ಕಡೆ ನೋಡಲು ಹೆದರುತ್ತಿದ್ದ ನಮ್ಮ ಪೀಳಿಗೆಗೆ ಅದರ ಶೀರ್ಷಿಕೆ ಗೀತೆ ಇಂದಿಗೂ ನೆನಪಿದೆ. ಖಾಸಗಿ ವಾಹಿನಿಗಳು ವಾರಾಂತ್ಯದಲ್ಲಾದರೂ ಅಂತಹ ಮಿತ ಕಂತುಗಳ ಕಥೆಗಳಿಗೆ ಅವಕಾಶ ಕೊಡಬೇಕೆಂದು ವಿನಂತಿಸುತ್ತೇನೆ.

– ಓರ್ವ ವೀಕ್ಷಕ, ಶಿವಮೊಗ್ಗ